ಇಪ್ಪತ್ತೊಂದು ಅಂಕಿಗಳ ಸಂಖ್ಯೆಯೊಂದರ ಚರಿತ್ರೆ

ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದ್ವಿಗುಣಿಸುತ್ತ ಹೋದರೆ ಅರಸನ ಕಣಜವೂ ಸಾಲದೆಂಬ ಕಥೆಯನ್ನು ವಾಚಕರು ಕೇಳಿಯೇ ಇರುವರು. ಮಣೆಯ 64 ಮನೆಗಳಿಗೆ ಇನ್ನು ಮೂರನ್ನು ಸೇರಿಸಿ, 67 ಮನೆಗಳ ಕಾಳುಗಳನ್ನೆಲ್ಲ ಕೂಡಿಸಿದರೆ ಬರುವ ಮೊತ್ತವು 147573952589676412927. ಈ ಸಂಖ್ಯೆಯು ಅವಿಭಾಜ್ಯವೋ, ಅಥವಾ ಒಂದನ್ನೂ ತನ್ನನ್ನೂ ಬಿಟ್ಟು ಬೇರೊಂದು ಸಂಖ್ಯೆಯಿಂದ ನಿಶ್ಶೇಷವಾಗಿ ಭಾಗವಾಗುವುದೋ? ಇದಕ್ಕೆ ಪೂರ್ಣವಾದ ಉತ್ತರ ದೊರೆಯಲು ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು.

ಪ್ಯಾರಿಸ್ ನಗರದ ಮೆರ್ಸೆನ್ ಎಂಬ ಕ್ರೈಸ್ತ ಸಂನ್ಯಾಸಿಯು 1644ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂತಹ ಮೊತ್ತಗಳಲ್ಲಿ 257 ಮನೆಗಳವರೆಗೆ ಅವಿಭಾಜ್ಯವಾದುವು ಹನ್ನೊಂದೇ ಎಂದು ಪಟ್ಟಿಮಾಡಿದನು. 67 ಮನೆಗಳ ಮೊತ್ತವೂ ಅದರಲ್ಲಿ ಸೇರಿತ್ತು. ಸಾಧನೆಯನ್ನು ಮಾತ್ರ ಅವನು ಕೊಡಲಿಲ್ಲ. ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆಯನ್ನು ಪರೀಕ್ಷಿಸಲು ಎಷ್ಟು ಕಾಲವೂ ಸಾಲದೆಂದು ತಾನೇ ಒಪ್ಪಿದ್ದನು. ಆದರೂ ಫರ್ಮಾ, ಡೆಕಾರ್ಟ್ ಮೊದಲಾದ ವಿದ್ವಾಂಸರೊಡನೆ ಪತ್ರವ್ಯವಹಾರವಿದ್ದ ಹಿರಿಯನ ಮಾತು ಅದು. ಅಲ್ಲಗಳೆಯುವ ದಾರಿಯೂ ಯಾರಿಗೂ ಕಾಣಲಿಲ್ಲ. ಆದುದರಿಂದ 67ರ ವಿಷಯದಲ್ಲಿ ಆ ಮಾತು ಇನ್ನೂರು ವರ್ಷಗಳಿಗೂ ಮೇಲೆ ನಿಂತಿತು.

1876ರಲ್ಲಿ ಫ್ರಾನ್ಸಿನವನೇ ಆದ ಲ್ಯೂಕಾ ಎಂಬ ಗಣಿತಜ್ಞನು ಹೊಸದೊಂದು ಪರೀಕ್ಷೆಯನ್ನು ಕಂಡುಹಿಡಿದನು. ಭಾಜಕವನ್ನು ಹುಡುಕದೆ, ಒಂದು ನಿಯತ ಸಂಖ್ಯೆಯಿಂದ ತೊಡಗಿ, ಅದನ್ನು ವರ್ಗಿಸಿ ಎರಡನ್ನು ಕಳೆದು, ಪರೀಕ್ಷೆಯ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವನ್ನು ಮತ್ತೆ ಹಾಗೆಯೇ ವರ್ಗಿಸುತ್ತ ಹೋಗುವುದು ಸ್ಥೂಲವಾಗಿ ಅದರ ಕ್ರಮ. ಕಡೆಯ ಶೇಷವು ಸೊನ್ನೆಯಾದರೆ ಸಂಖ್ಯೆಯು ಅವಿಭಾಜ್ಯ. 127 ಮನೆಗಳ ಮೊತ್ತವು ಈ ಪರೀಕ್ಷೆಯಲ್ಲಿ ಗೆದ್ದಿತು. 67 ಮನೆಗಳದು ಸೋತಿತು. ಸಂಖ್ಯೆಯು ಒಡೆಯುವುದೆಂಬುದು ಸ್ಥಿರಪಟ್ಟಿತು. ಎಲ್ಲಿ ಒಡೆಯುವುದೆಂಬುದು ತಿಳಿಯಲಿಲ್ಲ.

ಅದನ್ನು ತಿಳಿಸಿದವನು ಅಮೇರಿಕಾದ ಫ್ರ್ಯಾಂಕ್ ನೆಲ್ಸನ್ ಕೋಲ್. ಈ ಸಂಖ್ಯೆಯ ಭಾಜಕವು ಯಾವುದೇ ಆಗಲಿ, 134ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕೆಂಬ ನಿಯಮವುಂಟು. ಆದರೆ ಅಂತಹವುಗಳನ್ನೇ ಒಂದೊಂದಾಗಿ ಪರೀಕ್ಷಿಸಹೊರಟರೂ, ಮೊದಲನೆಯ ನಿಜವಾದ ಭಾಜಕವು 14,45,580ನೆಯ ಸ್ಥಾನದಲ್ಲಿರುವುದು. ಬೇರೆ ನಿಬಂಧನೆಗಳಿಂದ ಈ ಸಾಲನ್ನು ಜರಡಿಹಿಡಿದು ಕೋಲ್ ಅದನ್ನು ಕಂಡುಹಿಡಿದನು. 1903ರ ಅಕ್ಟೋಬರಿನಲ್ಲಿ ಅಮೇರಿಕಾದ ಗಣಿತ ಸಂಘದ ಸಭೆಯಲ್ಲಿ ಅವನು ಮಾತಿಲ್ಲದೆ ಹಲಗೆಯ ಬಳಿಗೆ ಹೋಗಿ, ಒಂದು ಕಡೆ ಎರಡನ್ನು 67 ಬಾರಿ ಇಟ್ಟು ಗುಣಿಸಿ ಒಂದನ್ನು ಕಳೆದನೆಂದೂ, ಇನ್ನೊಂದು ಕಡೆ 193707721ನ್ನು 761838257287ರಿಂದ ಗುಣಿಸಿದನೆಂದೂ, ಎರಡು ಉತ್ತರಗಳೂ ಒಂದೇ ಆಗಲು ಸಭಿಕರು ಕರತಾಡನ ಮಾಡಿದರೆಂದೂ ಗ್ರಂಥಕರ್ತನಾದ ಬೆಲ್ ಬರೆದಿದ್ದಾನೆ. ಎಷ್ಟು ಕಾಲ ಹಿಡಿಯಿತೆಂದು ಕೇಳಿದಾಗ, ಮೂರು ವರ್ಷಗಳ ಭಾನುವಾರಗಳೆಂದು ಕೋಲ್ ಉತ್ತರವಿತ್ತನೆಂದೂ ಬೆಲ್ ತಿಳಿಸುತ್ತಾನೆ.

ಮೆರ್ಸೆನ್ನನ ಪಟ್ಟಿಯಲ್ಲಿ 257 ಸಹ ತಪ್ಪೆಂದೂ, 61, 89, 107 ಇವು ಬಿಟ್ಟುಹೋಗಿದ್ದುವೆಂದೂ ಕಾಲಕ್ರಮದಲ್ಲಿ ತಿಳಿದುಬಂದಿತು. ಇದರಿಂದ ಆ ಸಂನ್ಯಾಸಿಯ ಹಿರಿಮೆ ಕುಂದುವುದಿಲ್ಲ. ಇಂತಹ ಅವಿಭಾಜ್ಯಗಳಿಗೆ ಇಂದಿಗೂ ಅವನದೇ ಹೆಸರು. ಆದರೆ ಹಿರಿಯರ ಮಾತಿಗೂ ಲೆಕ್ಕದ ಸಾಕ್ಷ್ಯ ಬೇಕೆಂಬುದು ಸ್ಪಷ್ಟವಾಗುವುದು.

ಕೋಲ್ ಮೂರು ವರ್ಷ ಹುಡುಕಿದುದನ್ನು ಇಂದಿನ ಗಣಕಯಂತ್ರವು ಕ್ಷಣಮಾತ್ರದಲ್ಲಿ ಕಂಡುಹಿಡಿಯಬಲ್ಲುದು. ಆದರೂ ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಭೇದವು ಅಳಿದಿಲ್ಲ. 1977ರಲ್ಲಿ ಮೂವರು ವಿದ್ವಾಂಸರು ಇದೇ ಭೇದವನ್ನು ಆಧಾರವಾಗಿಟ್ಟುಕೊಂಡು ಗುಪ್ತಲಿಪಿಯೊಂದನ್ನು ರಚಿಸಿದರು. ನೂರಾರು ಅಂಕಿಗಳ ಸಂಖ್ಯೆಗಳನ್ನು ಒಡೆಯಲು ಸುಲಭವಾದ ದಾರಿ ಕಾಣದಿರುವುದೇ ಆ ಲಿಪಿಯಲ್ಲಿ ಕಳುಹಿಸಿದ ಸಂದೇಶಕ್ಕೆ ಕಾವಲು.