ಮತ್ತು ಸಂಗಡಿಗರು

ನಮ್ಮ ಸೀಮೆಯಲ್ಲಿ ಹಾಡು ಅಂದರೆ ಇಬ್ಬರದು. ಚಳ್ಳಕೆರೆ ಕಡೆ ಹೊಲದಲ್ಲಿ ಶೇಂಗಾ ಬಿಡಿಸುವಾಗಲೂ, ಮೊಳಕಾಲ್ಮೂರು ಕಡೆ ಮದುವೆ ಚಪ್ಪರದ ಕೆಳಗೂ ಒಬ್ಬಾಕೆ ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಾಕೆ ಹಿಡಿಯುತ್ತಾಳೆ. ಎತ್ತಿದಾಕೆ ಉಸಿರು ತಗೊಳ್ಳೋ ಹೊತ್ತಿಗೆ ಹಿಡಿದಾಕೆ ಹಾಡನ್ನು ನೆಲಕ್ಕೆ ಬೀಳಗೊಡುವುದಿಲ್ಲ. “ಬೀಸೋ ಕಲ್ಲಿಗೆ ಎರಡು ಕೈ ಬೇಕು ಕಣ್ರಪ್ಪಾ, ಹಾಡಿಗೆ ಎರಡು ಬಾಯಿ ಬೇಕು” ಅನ್ನುತ್ತಿದ್ದಳು ನಮ್ಮಜ್ಜಿ. ಗಿರಣಿ ಬಂತು, ಬೀಸೋ ಕಲ್ಲು ಹಿತ್ತಲು ಸೇರಿತು. ಅಜ್ಜಿಯ ಮಾತು ಮಾತ್ರ ನಮ್ಮ ಕಿವಿಯಲ್ಲಿ ಉಳಿದಿದೆ.

ನಾವು ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಮುಗಿಸಿದವರು. ಚರಿತ್ರೆ ಅಂದರೆ ಏನೆಂದು ಕಾಲೇಜಿನಲ್ಲಿ ಕಲಿತೆವು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಅದನ್ನು ಹೊರಜಗತ್ತಿಗೆ ತಿಳಿಸಿದರು ಎಂದು ಬಾಯಿಪಾಠ ಮಾಡಿ ಅಂಕ ತಗೊಂಡೆವು. ಆ ಬಂಡೆಯ ಕೊನೆಯಲ್ಲಿ ಇನ್ನೊಂದು ಹೆಸರಿದೆ: ಚಪಡ. ಅವನು ಲಿಪಿಕಾರ. ಚಕ್ರವರ್ತಿಯ ಮಾತು ಬರೆದ ಕೂಲಿಯವನು ತನ್ನ ಹೆಸರನ್ನೂ ಸೇರಿಸಿಯೇ ಕೈ ತೊಳೆದ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ಬಂಡೆಯ ಮೇಲೆ ಎರಡನೆಯವನ ಹೆಸರು ಬಿತ್ತು. ಅದೇ ನೆಲದ ಹಾಡುಗಾರಿಕೆಯ ಚರಿತ್ರೆಯಲ್ಲಿ ಎರಡನೆಯಾಕೆಯ ಹೆಸರು ಎಲ್ಲಿ ಹೋಯಿತು?

ಎರಡು ಬದುಕು ನೋಡೋಣ.

ಒಂದು, ಸಿರಿಯಜ್ಜಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಕಾಡುಗೊಲ್ಲರ ಹೆಣ್ಣುಮಗಳು. ಅಕ್ಷರ ಗೊತ್ತಿಲ್ಲ, ಹಾಡು ಸಾವಿರಾರು. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಎಂಬ ದನಕುರಿ ಕಾಯ್ದ ವೀರರು ಆಕೆಯ ಬಾಯಲ್ಲಿ ಮತ್ತೆ ಹುಟ್ಟಿದರು. ಕೃಷ್ಣಮೂರ್ತಿ ಹನೂರರು ಹಟ್ಟಿಗೆ ಹೋಗಿ ಕೂತು ಆ ಹಾಡುಗಳನ್ನು ಬರೆದುಕೊಂಡರು. ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಕೊಟ್ಟಿತು. ಇದು ಆಗಬೇಕಾದದ್ದೇ, ನಮಗೂ ಹೆಮ್ಮೆಯೇ.

ಆದರೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಹಟ್ಟಿಗೆ ಬೇಲಿ ಇದೆ. ಮುಟ್ಟಾದ ಹೆಣ್ಣು, ಹೆತ್ತ ಬಾಣಂತಿ, ಎದೆಗವುಚಿದ ಹಸುಗೂಸು ಸಮೇತ ಆ ಬೇಲಿಯಾಚೆ ಗುಡಿಸಲಲ್ಲಿ ಬಿದ್ದಿರಬೇಕೆಂಬ ಕಟ್ಟಳೆ ಇತ್ತು, ಅನೇಕ ಕಡೆ ಇನ್ನೂ ಇದೆ. ಕೇರಿಯ ನಮಗೆ ಅನೇಕ ಹಟ್ಟಿಗಳ ಒಳಗೆ ಕಾಲಿಡುವ ಹಾಗಿರಲಿಲ್ಲ. ಜಾತ್ರೆಗೆ ತಮಟೆ, ಉರುಮೆ ಬಡಿಯುವುದಕ್ಕೆ ಮಾತ್ರ ನಮ್ಮವರು ಬೇಕು, ಅದೂ ದೂರ ನಿಂತು. ಹಾಡು ಚೆಂದ ಎಂದು ಬೇಲಿಯೂ ಚೆಂದ ಅನ್ನಲಾರೆವು. ಹಾಗೆಯೇ ಬೇಲಿ ಕೆಟ್ಟದ್ದೆಂದು ಹಾಡನ್ನು ಬಿಡಲೂ ಆರೆವು. ಬೇಲಿಯಾಚೆ ನೂಕಿಸಿಕೊಂಡ ಹೆಣ್ಣುಮಕ್ಕಳೇ ಆ ಹಾಡುಗಳನ್ನು ಹೊತ್ತು ತಂದವರು. ಸಿರಿಯಜ್ಜಿಯ ಹೆಸರು ಪುಸ್ತಕ ಸೇರಿತು. ಆಕೆಯ ಜೊತೆ ಕುಂತು ಸೊಲ್ಲು ಹಿಡಿದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು, ದರೋಜಿ ಈರಮ್ಮ. ಮೊಳಕಾಲ್ಮೂರು ದಾಟಿದರೆ ಬಳ್ಳಾರಿ ಸೀಮೆ. ಸುಗ್ಗಿ ಮುಗಿದ ಮೇಲೆ ಆ ಕಡೆಯಿಂದ ಬುರ್ರಕಥೆಯವರು ಬಂದು ಊರಾಚೆ ಗುಡಾರ ಹಾಕುತ್ತಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ರಾತ್ರಿಯೆಲ್ಲ ಕತೆ. ಕತೆ ಹೇಳುವವರ ಹೆಗಲಿಗೆ ತಂಬೂರಿ, ಬೆರಳಿಗೆ ಗಗ್ಗರ. ಪಕ್ಕದವರ ಕೈಯಲ್ಲಿ ಗುಮ್ಮಟೆ. ಬೆಳಗಾದರೆ ಮನೆಮನೆಗೆ ಹೋಗಿ ಕಾಳುಕಡಿ ಎತ್ತಬೇಕು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಈರಮ್ಮ ಇಂಥ ಬುಡ್ಗ ಜಂಗಮರ ಮಗಳು. ಸಂಡೂರು ತಾಲ್ಲೂಕಿನ ದರೋಜಿ ಆಕೆಯ ಊರು. ಹುಟ್ಟಿದ್ದು 1930ರಲ್ಲಿ. ಕಲಿತದ್ದು ಅಪ್ಪ ಲಾಲಪ್ಪನ ಹತ್ತಿರ. ಒಡಹುಟ್ಟಿದ ಪಾರ್ವತಮ್ಮ, ಜೊತೆಗೆ ಶಿವಮ್ಮ, ಇಷ್ಟೇ ಮೇಳ. ಯಾವ ಕಂಪನಿಯ ಹಂಗೂ ಇರಲಿಲ್ಲ. ಹನ್ನೆರಡು ಕಾವ್ಯ ಆಕೆಯ ನಾಲಿಗೆ ಮೇಲಿದ್ದವು. ಅಚ್ಚಿಗೆ ಇಳಿಸಿದರೆ ಸುಮಾರು 7,000 ಪುಟ ಎಂದು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಒಂದು ಪುಟವನ್ನೂ ಆಕೆ ಓದಲಾರಳು! ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿ ಸುಲ್ತಾನನ ದಂಡಿಗೆ ಎದುರಾಗಿ ಬಿದ್ದ ಕಂಪಿಲಿಯ ಕುಮಾರರಾಮನ ಕತೆಯನ್ನು ನಂಜುಂಡ ಕವಿ ಬರೆದ, ಸಾಹಿತ್ಯ ಚರಿತ್ರೆಯಲ್ಲಿ ಅವನಿಗೆ ಜಾಗ ಸಿಕ್ಕಿತು. ಅದೇ ಕತೆಯನ್ನು ಚಳಿಯಲ್ಲಿ, ಹಸಿದ ಹೊಟ್ಟೆಯಲ್ಲಿ, ಊರೂರ ಬಯಲಲ್ಲಿ ಬದುಕಿಸಿದವರು ಈ ಅಲೆಮಾರಿಗಳು. ಅವರಿಗೆ ಸಿಕ್ಕದ್ದು ಮೊರದ ತುದಿಯ ಕಾಳು.

1999ರಲ್ಲಿ ಈರಮ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು, 2003ರಲ್ಲಿ ನಾಡೋಜ. 2014ರ ಆಗಸ್ಟ್ 12ರಂದು ಆಕೆ ತೀರಿಕೊಂಡಳು. ಪ್ರಶಸ್ತಿ ಬಂದಾಗ ಆಕೆಗೆ ಎಪ್ಪತ್ತರ ಹತ್ತಿರ ವಯಸ್ಸು. ಗುಮ್ಮಟೆ ಹಿಡಿದು ಪಕ್ಕದಲ್ಲಿ ನಿಂತ ಬದುಕಿಗೆ ಯಾವ ಶಾಲು ಹೊದಿಸಿದೆವು?

ಇತ್ತ ನಗರದ ಗೆಳೆಯರು ನಮಗೆ ಇನ್ನೊಂದು ಮಾತು ಕಲಿಸಿದರು: ಫೋಕ್ ರಾಕ್. ಜನಪದದ ಧಾಟಿಗೆ ಕರೆಂಟು ಗಿಟಾರು, ಡ್ರಮ್ಮು ಕಟ್ಟುವುದು. 2008ರಲ್ಲಿ ರಘು ದೀಕ್ಷಿತ್ ತಂಡ ಶಿಶುನಾಳ ಷರೀಫರ ಹಾಡನ್ನು ಹೀಗೆ ಹಾಡಿ ಆಲ್ಬಮ್ ತಂದಾಗ, ಷರೀಫರ ಹೆಸರೇ ಕೇಳದಿದ್ದ ಹುಡುಗರೂ ಕುಣಿದರು. ಅದು ತಪ್ಪಲ್ಲ. ಹಾಡು ಯಾರಪ್ಪನ ಮನೆ ಆಸ್ತಿಯೂ ಅಲ್ಲ. ಆದರೆ ಈ ದಾರಿಯಲ್ಲಿ ಮೊದಲು ನಡೆದವರ ಕತೆ ತಿಳಿದಿರಬೇಕು.

ಅಮೆರಿಕದಲ್ಲಿ ಪಾಲ್ ಸೈಮನ್, ಆರ್ಟ್ ಗಾರ್ಫಂಕಲ್ ಎಂಬ ಜೋಡಿ ಇತ್ತು. 1964ರಲ್ಲಿ ಬರೀ ಕಂಠ, ಗಿಟಾರಿನಿಂದ ಹಾಡಿ ತಂದ ಅವರ ಮೊದಲ ತಟ್ಟೆ ಮಾರಾಟವಾಗಲಿಲ್ಲ. 1965ರಲ್ಲಿ ಕಂಪನಿಯವನು ಅದರ ಒಂದು ಹಾಡಿಗೆ ಅವರನ್ನು ಕೇಳದೆ ಕರೆಂಟು ಗಿಟಾರು, ಡ್ರಮ್ಮು ಸೇರಿಸಿ ಬಿಟ್ಟ. 1966ರ ಹೊಸ ವರ್ಷಕ್ಕೆ ಅದು ಆ ದೇಶದಲ್ಲೇ ಮೊದಲ ಸ್ಥಾನದ ಹಾಡು. ಹಾಡಿದವರಿಗೇ ತಮ್ಮ ಹಾಡಿನ ಮೇಲೆ ಹಕ್ಕಿಲ್ಲ! ಮುಂದೆ 1970ರಲ್ಲಿ ಇದೇ ಜೋಡಿ ಪೆರು ದೇಶದ ಒಂದು ಧಾಟಿಯನ್ನು ಬರೀ ಜನಪದ ಅಂದುಕೊಂಡು ಹಾಡಿತು. ಅದು ಬೆಟ್ಟದ ಜನರ ಧಾಟಿಗಳ ಆಧಾರದ ಮೇಲೆ ಡೇನಿಯಲ್ ರೋಬ್ಲೆಸ್ ಎಂಬಾತ 1913ರಲ್ಲಿ ಕಟ್ಟಿದ್ದು. ಆತನ ಮಗ ನ್ಯಾಯಾಲಯಕ್ಕೆ ಹೋದ, ಅಪ್ಪನ ಹೆಸರು ಸೇರಿತು. ರೋಬ್ಲೆಸ್‌ಗೆ ಧಾಟಿ ಕೊಟ್ಟ ಬೆಟ್ಟದ ಜನ ಯಾರೆಂದು ತಟ್ಟೆಯ ಮೇಲೆ ಇವತ್ತಿಗೂ ಇಲ್ಲ. ಹಾಡು ಬಯಲಿಂದ ಪೇಟೆಗೆ ಹೋಗುವಾಗ ದಾರಿಯಲ್ಲಿ ಮೊದಲು ಉದುರುವುದು ಕೊಟ್ಟವರ ಹೆಸರು. ದರೋಜಿಯ ಗುಡಾರದಿಂದ, ಯಲಗಟ್ಟೆಯ ಹಟ್ಟಿಯಿಂದ ನ್ಯಾಯಾಲಯಕ್ಕೆ ಹೋಗುವವರು ಯಾರಿದ್ದಾರೆ?

ಕಂಪನಿಯವರನ್ನು ಬೈಯುವುದು ಸುಲಭ. ನಮ್ಮ ಕೈಯನ್ನೂ ನೋಡಿಕೊಳ್ಳಬೇಕು. ಅಂಬೇಡ್ಕರ್ ಜಯಂತಿಗೆ ನಮ್ಮ ಕೇರಿಯ ಇಬ್ಬರು ತಾಯಂದಿರನ್ನು ಹಾಡಲು ಕರೆದಿದ್ದೆವು. ಕರಪತ್ರ ಬರೆದವರು ನಾವೇ. ಒಬ್ಬರ ಹೆಸರು ಬರೆದು ಮುಂದೆ “ಮತ್ತು ಸಂಗಡಿಗರು” ಅಂತ ಹಾಕಿದೆವು, ಜಾಗ ಉಳಿಯಲಿ ಅಂತ. ಹಾಡು ಮುಗಿದ ಮೇಲೆ ಎರಡನೆಯ ಅಮ್ಮ ಕರಪತ್ರ ಹಿಡಿದು, “ಇದರಾಗೆ ನಾನೆಲ್ಲಿದ್ದೀನಿ, ತೋರಿಸ್ರಪ್ಪಾ” ಅಂದಳು. ಆಕೆಗೆ ಓದು ಬರುವುದಿಲ್ಲ. ನಾವು ಬೆರಳಿಟ್ಟು ತೋರಿಸಿದ್ದು “ಸಂಗಡಿಗರು” ಎಂಬ ಪದವನ್ನು. ಆಕೆ ಖುಷಿಯಿಂದ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಆ ಹೊತ್ತು ನಮ್ಮ ಡಿಗ್ರಿ ನಮಗೇ ಹೇಸಿಕೆ ಅನ್ನಿಸಿತು.

ಚಳವಳಿಯ ಒಳಗೂ “ಮತ್ತು ಸಂಗಡಿಗರು” ಇದ್ದಾರೆ. ಒಳಮೀಸಲಾತಿಗೆ ನಾವು ದಶಕಗಳ ಕಾಲ ಬೀದಿಯಲ್ಲಿ ಕೂಗಿದೆವು. 2025ರ ಆಗಸ್ಟಿನಲ್ಲಿ ನಾಗಮೋಹನದಾಸ್ ಆಯೋಗ ಅಲೆಮಾರಿಗಳೂ ಸೇರಿದ 59 ಸಣ್ಣ ಜಾತಿಗಳಿಗೆ ಪ್ರತ್ಯೇಕವಾಗಿ ಶೇ. 1 ಕೊಡಿ ಎಂದಿತು. ಅದೇ ತಿಂಗಳು ಸಚಿವ ಸಂಪುಟ ಅವರನ್ನು ತಮಗಿಂತ ದೊಡ್ಡ, ಮುಂದುವರಿದ ಜಾತಿಗಳ ಶೇ. 5ರ ಗುಂಪಿಗೆ ಸೇರಿಸಿಬಿಟ್ಟಿತು. ಅಲೆಮಾರಿಗಳು ಬೆಂಗಳೂರಿಗೆ ಹೋಗಿ ಧರಣಿ ಕೂತರು. ನಮ್ಮಲ್ಲಿ ಎಷ್ಟು ಜನ ಅವರ ಪಕ್ಕದಲ್ಲಿ ಕೂತೆವು? ಊರೆಲ್ಲದರ ಚರಿತ್ರೆ ಹಾಡಿದವರ ಸೊಲ್ಲನ್ನು ಹಿಡಿಯಬೇಕಾದ ಹೊತ್ತಿನಲ್ಲಿ ನಮ್ಮ ಬಾಯಿ ಮುಚ್ಚಿತ್ತು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಓದುವ ತಮ್ಮಂದಿರೇ, ತಂಗಿಯರೇ, ಕೆಲಸ ದೊಡ್ಡದೇನಲ್ಲ. ಫೋನು ಹಿಡಿದು ಹಾಡು ತುಂಬಿಸಿಕೊಳ್ಳುವ ಮೊದಲು ಕೇಳಿ. ಸೊಲ್ಲು ಎತ್ತಿದವರ, ಹಿಡಿದವರ, ಚರ್ಮ ಬಡಿದವರ ಹೆಸರನ್ನು ಊರಿನ ಸಮೇತ ಬರೆಯಿರಿ. ಕೂಲಿ ಬಿಟ್ಟು ಬಂದ ದಿನಕ್ಕೆ ಕೂಲಿ ಕೊಡಿ, ಇಬ್ಬರಿಗೂ ಸಮ ಕೊಡಿ. “ಮಾಡಿದಷ್ಟು ನೀಡು ಭಿಕ್ಷೆ” ಎಂಬುದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮಾತು. ವರ್ಷ ವರ್ಷ ತೇರು ಎಳೆಯುವ ನಮಗೆ ಅದು ಕಂಠಪಾಠ. ಮಾಡಿದ್ದಕ್ಕೆ ತಕ್ಕಷ್ಟು ನೀಡುವುದಕ್ಕೆ ಭಿಕ್ಷೆ ಅನ್ನುವುದು ಬೇಡ, ಕೂಲಿ ಅನ್ನೋಣ.

ಮುಂದಿನ ಜಯಂತಿಗೆ ಆ ಇಬ್ಬರನ್ನೂ ಮತ್ತೆ ಕರೆದಿದ್ದೇವೆ. ಕರಪತ್ರದಲ್ಲಿ ಈ ಸಲ ಎರಡು ಹೆಸರಿದೆ. ಜಾಗ ಸಾಲದೆ ಹೋಯಿತು. ಅತಿಥಿಯೊಬ್ಬರ ಬಿರುದು ತೆಗೆದೆವು.