ಬೆಳ್ಳಿಮೋಡದ ಇಂದಿರೆ ಏಕೆ ಒಲ್ಲೆನೆಂದಳು?



ಬಣಕಲ್ಲಿನಿಂದ ಕೊಟ್ಟಿಗೆಹಾರದತ್ತ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿದ್ದೀರಾ? ಕಾಫಿ ತೋಟದ ನಡುವೆ ಸಾಹುಕಾರರ ಬಂಗಲೆ. ಇನ್ನೊಂದೆಡೆ ದುಡಿಯುವವರ ಲೈನ್ ಮನೆಗಳು. ಆಸ್ತಿಯುಳ್ಳವರಿಗೂ ಇಲ್ಲದವರಿಗೂ ನಡುವೆ ಇರುವ ಈ ಅಂತರವನ್ನು ಪ್ರೀತಿ ದಾಟಬಲ್ಲುದೇ?

ಈಜಿಪ್ಟಿನ ಚಲನಚಿತ್ರರಂಗ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿತು. 1957ರ 'ರುದ್ದ ಕಲ್ಬಿ' ಚಿತ್ರದಲ್ಲಿ ತೋಟದ ಮಾಲಿಯ ಮಗ ರಾಜಮನೆತನದ ಹುಡುಗಿಯನ್ನು ಪ್ರೀತಿಸುತ್ತಾನೆ. ಅವರ ನಡುವಿನ ಗೋಡೆಯನ್ನು ಕೆಡವುವುದು 1952ರ ಕ್ರಾಂತಿ. ಅದೇ ವರ್ಷ ಬಂದ ಕಾನೂನು ಜಮೀನುದಾರರ ಭೂಮಿಗೆ ಮಿತಿ ಹಾಕಿತು.

ನಮ್ಮ ಕಾಫಿ ಸೀಮೆಯಲ್ಲಿ ಹಾಗಾಗಲಿಲ್ಲ. ಕರ್ನಾಟಕದ ಭೂಸುಧಾರಣಾ ಕಾಯಿದೆ ಪ್ಲಾಂಟೇಷನ್‌ಗಳಿಗೆ ವಿನಾಯಿತಿ ನೀಡಿತು. ಇಲ್ಲಿ ತೋಟ ಕೈ ಬದಲಾಯಿಸುತ್ತಿದ್ದುದು ಹೆಚ್ಚಾಗಿ ಕ್ರಯದಿಂದ, ಇಲ್ಲವೇ ವಾರಸಿಕೆಯಿಂದ. ಈ ವಾರಸಿಕೆಯೇ 'ಬೆಳ್ಳಿಮೋಡ'ದ ಕಥೆಯ ಗಂಟು.

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರ 1967ರಲ್ಲಿ ತೆರೆಕಂಡಿತು. ಚಿಕ್ಕಮಗಳೂರಿನ ಗಿರಿಗಳಲ್ಲೇ ಚಿತ್ರೀಕರಣ ನಡೆಯಿತು. 1963ರಲ್ಲೇ ತೀರಿಕೊಂಡ ತ್ರಿವೇಣಿಯವರಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ.

ಇಂದಿರಾ (ಕಲ್ಪನಾ) ಎಸ್ಟೇಟ್ ಒಡೆಯನ ಒಬ್ಬಳೇ ಮಗಳು. ಮೋಹನ (ಕಲ್ಯಾಣ್‌ಕುಮಾರ್) ಬುದ್ಧಿವಂತ, ಆದರೆ ಕೈಯಲ್ಲಿ ಕಾಸಿಲ್ಲ. ಮಗಳನ್ನು ವರಿಸುವನೆಂಬ ಭರವಸೆಯ ಮೇಲೆ ತಂದೆ ಅವನನ್ನು ವಿದೇಶಕ್ಕೆ ಓದಲು ಕಳಿಸುತ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇನ್ನು ಅವಳದಲ್ಲವೆಂದು ತಿಳಿದ ಮೋಹನ ಮದುವೆಯನ್ನು ನಿರಾಕರಿಸುತ್ತಾನೆ. ಮುಂದೆ ಅಪಘಾತಕ್ಕೊಳಗಾದ ಅವನ ಶುಶ್ರೂಷೆ ಮಾಡುವವಳೂ ಇಂದಿರೆಯೇ. ಪಶ್ಚಾತ್ತಾಪಪಟ್ಟು ಅವನು ಮದುವೆಯಾಗಲು ಮುಂದೆ ಬಂದಾಗ ಅವಳು ಒಲ್ಲೆನೆನ್ನುತ್ತಾಳೆ.

ಗಮನಿಸಿ: ಈಜಿಪ್ಟಿನ ಕಥೆಯಲ್ಲಿ ಆಸ್ತಿ ಪ್ರೀತಿಗೆ ಅಡ್ಡಿ, ಇಲ್ಲಿ ಆಸ್ತಿಯೇ ಪ್ರೀತಿಗೆ ಆಧಾರವಾಗಿತ್ತು. ಅದು ಕಳಚಿದೊಡನೆ ಇಂದಿರೆಯ ಬೆಲೆಯೂ ಇಳಿಯಿತು.

ಇದು ಬರಿಯ ಕಥೆಯಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಪಾಲು ಕೊಟ್ಟಿತ್ತು. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಮಗನಿಗಷ್ಟೇ ಉಳಿದಿತ್ತು. 1994ರಲ್ಲಿ ಕರ್ನಾಟಕ ಅವಿವಾಹಿತ ಹೆಣ್ಣುಮಕ್ಕಳಿಗೆ ಆ ಹಕ್ಕನ್ನು ನೀಡಿತು. 2005ರಲ್ಲಿ ಅದು ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ ದೊರೆಯಿತು.

ಚಿತ್ರವನ್ನು ಅವಕಾಶ ಸಿಕ್ಕಾಗ ನೋಡಿ. ನೋಡಿದ ಮೇಲೆ ನಿಮ್ಮ ಮನೆಯಲ್ಲಿ ಒಂದು ಮಾತು ಕೇಳಿ: ಅಜ್ಜಿಗೆ, ಅತ್ತೆಯಂದಿರಿಗೆ ತವರಿನ ತೋಟದಲ್ಲಿ, ಗದ್ದೆಯಲ್ಲಿ ಪಾಲು ಸಿಕ್ಕಿತ್ತೇ? ಆ ಉತ್ತರವೂ ಚರಿತ್ರೆಯೇ.