ಹಳೆಯ ಮೋಟಾರಿನ ದೀಪ

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ರಾತ್ರಿ ಪಯಣಿಸಿದವರಿಗೆ ಆ ಬಯಲಿನ ಕತ್ತಲೆ ಎಂಥದೆಂಬುದು ಗೊತ್ತು. ಬಾಲ್ಯದಲ್ಲಿ ನಾನು ಆ ದಾರಿಯನ್ನು ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೇಲೆ ಮಲಗಿ ಸವೆಸಿದ್ದುಂಟು. ಗಾಡಿಯ ಅಡಿಯಲ್ಲಿ ಒಂದು ಲಾಂದ್ರ ತೂಗಾಡುತ್ತಿತ್ತು. ಎತ್ತುಗಳಿಗೆ ದಾರಿ ತಿಳಿದೇ ಇತ್ತು. ಹಿಂದಿನಿಂದ ಬರುವ ಲಾರಿಯವನಿಗೆ ನಾವಿದ್ದೇವೆಂದು ಹೇಳಲು ಆ ದೀಪ.

ಬ್ರೇಕನ್ನು ನಾನು ಮೊದಲು ಕಂಡದ್ದು ಮೋಟಾರಿನಲ್ಲಲ್ಲ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿನಲ್ಲಿ. ಹಗ್ಗ ಹಿಡಿದವರು ಸಾವಿರಾರು ಮಂದಿ. ಉರುಳುವ ಗಾಲಿಯ ಮುಂದೆ ಮರದ ತುಂಡನ್ನು ಒಡ್ಡುವವರು ಕೆಲವರೇ. ಅವರ ಕೈ ಒಂದು ಕ್ಷಣ ತಡವಾದರೆ ಏನಾದೀತೆಂದು ನೋಡುವವರ ಎದೆ ಡವಗುಟ್ಟುತ್ತಿತ್ತು.

ಮೋಟಾರು ಬಂದ ಕಾಲದಲ್ಲಿ ಈ ಎರಡು ವಿದ್ಯೆಗಳೂ ಎಳೆಯವಾಗಿದ್ದವು. 1908ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರಿನ ಆರಂಭದ ದೀಪಗಳು ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಹುಟ್ಟಿಸಿದ ಅನಿಲದಿಂದ ಉರಿಯುತ್ತಿದ್ದವು. 1915ರಲ್ಲಿ ವಿದ್ಯುದ್ದೀಪ ಬಂದಿತು. ಆದರೆ ಅದರ ಶಕ್ತಿ ಇಂಜಿನ್ನಿನ ಓಟದಿಂದಲೇ ಹುಟ್ಟಬೇಕಾಗಿತ್ತು. ವೇಗವಾಗಿ ಹೋದರೆ ಬೆಳಕು, ನಿಧಾನಿಸಿದರೆ ಮಂಕು. ಮುಂದೇನೋ ಕಂಡಂತಾಗಿ, ಹೆದರಿ ವೇಗ ತಗ್ಗಿಸಿದವನಿಗೆ ಆ ಕಂಡದ್ದೂ ಮಸುಕಾಗುತ್ತಿತ್ತು! ಮುಂದಿನ ಗಾಲಿಗಳಿಗೆ ಬ್ರೇಕೇ ಇರಲಿಲ್ಲ. ಪೆಡಲಿನ ಮೇಲೆ ಕಾಲಿಟ್ಟರೆ ದ್ರವದ ಒತ್ತಡವು ನಾಲ್ಕೂ ಗಾಲಿಗಳನ್ನು ಹಿಡಿಯುವ ಏರ್ಪಾಟು ಆ ಕಂಪನಿಯ ಕಾರುಗಳಿಗೆ ಬಂದದ್ದು 1939ರಷ್ಟು ತಡವಾಗಿ.

ಮೊಳಕಾಲ್ಮೂರು ಮೈಸೂರು ಸಂಸ್ಥಾನದ ಅಂಚು. ನೆರೆಯ ರಾಯದುರ್ಗ ಅಂದು ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಆಂಧ್ರಕ್ಕೆ ಹೋಯಿತು. ಹೀಗಾಗಿ ಇಲ್ಲಿ ಹೊರಟ ಬಂಡಿ ಸ್ವಲ್ಪ ದೂರದಲ್ಲೇ ಇನ್ನೊಂದು ಸರ್ಕಾರದ ಆಳ್ವಿಕೆಗೆ ಒಳಪಡುತ್ತಿತ್ತು. ಇಂದು 1988ರ ಕಾಯಿದೆ ಎಲ್ಲರಿಗೂ ಒಂದೇ: ಬಾಡಿಗೆ ಬಸ್ಸು ಲಾರಿಗಳಿಗೆ ಅರ್ಹತಾಪತ್ರ ಬೇಕು, ಸ್ವಂತದ ಕಾರೂ 15 ವರ್ಷ ಕಳೆದ ಮೇಲೆ ತಪಾಸಣೆಗೆ ನಿಲ್ಲಬೇಕು. ಪತ್ರ ಹೇಳುವುದು ತಪಾಸಣೆಯ ದಿನದ ಮಾತನ್ನು ಮಾತ್ರ, ಎಂಬುದು ಬೇರೆ ವಿಷಯ.

ಚಳ್ಳಕೆರೆಯ ನನ್ನ ಮಿತ್ರರೊಬ್ಬರಿಗೆ ಹಳೆಯ ಕಾರುಗಳ ಹುಚ್ಚು. 1920ರ ದಶಕದ ಫೋರ್ಡೊಂದನ್ನು ತಂದು ಮೊಳೆ ಮೊಳೆಯನ್ನೂ ಮೂಲದಂತೆಯೇ ಕೂಡಿಸಿದರು. 50 ವರ್ಷ ದಾಟಿದ ಇಂಥ ವಾಹನಗಳಿಗೆ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮ ಮಾಡಿತು: ಪ್ರದರ್ಶನ, ರ್‍ಯಾಲಿ, ದುರಸ್ತಿಗಳಿಗೆ ರಸ್ತೆಗಿಳಿಯಬಹುದು, ನಿತ್ಯದ ಓಡಾಟಕ್ಕಿಲ್ಲ. ಹಿಂಬದಿಗೆ ಹೊಸ ಕೆಂಪು ದೀಪ ಹಾಕಿಸಿರೆಂದಾಗ ಅವರು ಮುನಿದರು. “ಅಲ್ಲ ಸ್ವಾಮಿ, ಇದು ಚರಿತ್ರೆ. ಚರಿತ್ರೆಗೆ ಹೊಸ ದೀಪ ಕಟ್ಟುತ್ತಾರೆಯೆ?” ಎಂದರು.

ನಾನು ಒಪ್ಪಲಿಲ್ಲ. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಲಾರಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗಿರುತ್ತದೆ. ವೇಗ ಇಮ್ಮಡಿಸಿದರೆ ಬ್ರೇಕು ಹಿಡಿದು ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ. ಆ ಲಾರಿಯವನು ನಮ್ಮ ಚರಿತ್ರೆಯನ್ನು ಓದಿಕೊಂಡು ಬಂದಿರುವುದಿಲ್ಲ. ನಮ್ಮ ಹಿರಿಯರ ಗಾಡಿ ಇನ್ನೂ ಹಳೆಯದು. ಅದಕ್ಕೂ ಲಾಂದ್ರ ಕಟ್ಟಿದ್ದರಲ್ಲ ಎಂದೆ.

ಅವರು ಅಂದು ಉತ್ತರ ಕೊಡಲಿಲ್ಲ. ಮುಂದೊಮ್ಮೆ ಇಬ್ಬರೂ ಅದೇ ಕಾರಿನಲ್ಲಿ ರ್‍ಯಾಲಿಯಿಂದ ಮರಳುತ್ತಿದ್ದೆವು. ವೆಂಕಣ್ಣಯ್ಯನವರ ತಳುಕು ಬರುವಷ್ಟರಲ್ಲಿ ಹೊತ್ತು ಮುಳುಗಿತು. ಮಿತ್ರರು ಕಾರನ್ನು ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿ, ಸೀಟಿನಡಿಯಿಂದ ಒಂದು ಲಾಂದ್ರ ತೆಗೆದು ಹಚ್ಚಿ, ಹಿಂಬದಿಗೆ ತೂಗುಹಾಕಿದರು. ಬೆಳಗಾಗುವವರೆಗೆ ನಾವು ಅಲ್ಲೇ ಉಳಿದೆವು.